ನೆಬ್ರಾಸ್ಕಾ ಸಿಟಿಗೆ ಹೋಗೋ ಮೂರು ಮೈಲಿ ರಸ್ತೆ, ನಾನು ಎರಡು ಸಲ ಎಡವಿದ್ದು

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಈ ಊರಿಗೆ ಕಾನ್ಸಾಸ್ ಸಿಟಿಯಿಂದ ಐ-29 ಹೆದ್ದಾರಿ ಹಿಡಿದು ಉತ್ತರಕ್ಕೆ ಎರಡು ಗಂಟೆ ಚಿಲ್ಲರೆ. ಐಯೋವಾ ರಾಜ್ಯದೊಳಗೆ ಬಂದ ಮೇಲೆ 10ನೇ ಎಕ್ಸಿಟ್. ಅಲ್ಲಿ ಎಡಕ್ಕೆ ತಿರುಗಿದರೆ ಹೈವೇ 2, ಮಿಸೌರಿ ನದಿಯ ಸೇತುವೆವರೆಗೆ ಮೂರು ಮೈಲಿ ಅಷ್ಟೇ. ಇಷ್ಟು ಚಿಕ್ಕ ರಸ್ತೆಯಲ್ಲಿ ಏನು ತೊಂದರೆ ಆಗುತ್ತೆ ಅಂತ ನೀವೂ ಅಂದುಕೊಳ್ಳುತ್ತೀರಿ, ಅಲ್ವಾ?

ಮೊದಲ ಸಲ ಹೊರಟಿದ್ದು 2019ರ ಏಪ್ರಿಲ್‌ನಲ್ಲಿ. ಮಾರ್ಚ್‌ನಲ್ಲಿ ನದಿಯ ಒಡ್ಡುಗಳು ಒಡೆದು ಆ ಬಯಲೆಲ್ಲ ಕೆರೆಯಾಗಿತ್ತು, ನಾನು ಸುಮ್ನೆ ಜಿಪಿಎಸ್ ಹಾಕಿಕೊಂಡು ಹೊರಟೆ. ಐ-29ನ್ನೇ ಮುಚ್ಚಿದ್ದರು, ಅರ್ಧ ದಾರಿಯಿಂದ ವಾಪಸ್. ಆಮೇಲೆ ನೀರು ಅಡಿಯಲ್ಲಿ ಹರಿಯಲಿ ಅಂತ ಹೈವೇ 2ರಲ್ಲಿ ಹೊಸ ಸೇತುವೆ ಕಟ್ಟಿದ್ದಾರೆ. ಆದರೂ ವಸಂತದಲ್ಲಿ ಹೋಗುವವರು ರಸ್ತೆ ಸ್ಥಿತಿ ತಿಳಿಸುವ 511 ಸೇವೆ ನೋಡಿಯೇ ಹೊರಡಿ.

ಎರಡನೇ ಸಲ ಸೆಪ್ಟೆಂಬರ್‌ನ ಸೇಬು ಹಬ್ಬಕ್ಕೆ, ಅಮ್ಮನೂ ಜೊತೆಗಿದ್ದರು. ನದಿಯ ಸೇತುವೆ ದಾಟಿದ ಮೇಲೆ ಹೆದ್ದಾರಿ ಊರೊಳಗೆ ಹೋಗಲ್ಲ, ದಕ್ಷಿಣಕ್ಕೆ ಸುತ್ತು ಹಾಕಿ ಲಿಂಕನ್ ಕಡೆ ಹೋಗುತ್ತೆ. "ಊರು ಎಲ್ಲಪ್ಪಾ?" ಅಂತ ಅಮ್ಮ ಕೇಳಿದಾಗಲೇ ನನಗೆ ಗೊತ್ತಾಗಿದ್ದು. ಬೋರ್ಡ್ ನೋಡಿ ಬೇಗ ಇಳಿದುಬಿಡಿ.

ರೂಮಿನ ವಿಷಯಕ್ಕೆ ಬರೋಣ. ಹಬ್ಬದ ವಾರಾಂತ್ಯಕ್ಕೆ ಒಂದು ಮೋಟೆಲ್‌ನಲ್ಲಿ ಒಂದು ರಾತ್ರಿಗೆ 190 ಡಾಲರ್ ಕೊಟ್ಟೆ. "ನದಿಗೆ ಹತ್ತಿರ" ಅಂದಿದ್ದರು. ಕಿಟಕಿ ತೆರೆದರೆ ಕಾಣಿಸಿದ್ದು ಟ್ರಕ್‌ಗಳ ಸಾಲು, ರಾತ್ರಿಯಿಡೀ ಎಂಜಿನ್ ಗುರ್ ಅನ್ನುತ್ತಿತ್ತು, ಹಾಸಿಗೆಯಲ್ಲಿ ಸಿಗರೇಟು ವಾಸನೆ ಬೇರೆ. ಬೆಳಿಗ್ಗೆ ಕೇಳಿದರೆ ಕೌಂಟರ್‌ನಲ್ಲಿದ್ದ ಹುಡುಗ ಭುಜ ಕುಣಿಸಿದ. ರಾತ್ರಿ ಉಳಿಯಲೇಬೇಡಿ, ಬೆಳಿಗ್ಗೆ ಹೋಗಿ ಸಂಜೆ ಬನ್ನಿ.

ಆದರೆ ಊಟ! ಮುಖ್ಯ ಬೀದಿಯಿಂದ ಸ್ವಲ್ಪ ಒಳಗೆ ಒಂದು ಪುಟ್ಟ ಮೆಕ್ಸಿಕನ್ ಹೋಟೆಲ್, ಆರೇಳು ಟೇಬಲ್. ಮಾಂಸ ಬೇಡ ಅಂದರೆ ಅಡುಗೆ ಮಾಡುವ ಅಜ್ಜಿಯೇ ಹೊರಗೆ ಬಂದು, ಹುರುಳಿಯಂಥ ಕಾಳು ಅರೆದದ್ದು, ಅನ್ನ, ಬಿಸಿ ರೊಟ್ಟಿ, ಮೇಲೆ ಸುಟ್ಟ ಹಸಿಮೆಣಸಿನಕಾಯಿ ಚಟ್ನಿ ಹಾಕಿ ಕೊಟ್ಟರು. ಒಂಬತ್ತು ಡಾಲರ್. ವಾರದಿಂದ ಬ್ರೆಡ್ ತಿಂದು ಬೇಸತ್ತಿದ್ದ ಅಮ್ಮ ಚಟ್ನಿಯನ್ನು ಎರಡು ಸಲ ಹಾಕಿಸಿಕೊಂಡು, ಇದಕ್ಕೆ ಒಂದಿಷ್ಟು ಬೆಳ್ಳುಳ್ಳಿ ಜಾಸ್ತಿ ಆಗಿದ್ದರೆ ನಮ್ಮ ಮನೆಯದೇ ಅಂದರು.

1872ರಲ್ಲಿ ಗಿಡ ನೆಡುವ ಹಬ್ಬ ಶುರುವಾದ ಊರಿದು. ಅದನ್ನು ಶುರುಮಾಡಿದ ಮಾರ್ಟನ್ ಅವರ 52 ಕೋಣೆಯ ಬಂಗಲೆ ಇದೆ, ಅಲ್ಲಿನ ಕ್ಯೂ ನೋಡಿ ನಾನು ಒಳಗೆ ಹೋಗಲಿಲ್ಲ. ಗದ್ದಲ ಇಷ್ಟವಿಲ್ಲದವರು ನದಿ ಪಕ್ಕದ ಗುಡ್ಡದ ಮೇಲಿನ, ಹಿಂದೆ ಈ ನದಿಯಲ್ಲಿ ಹೋದ ಅನ್ವೇಷಕರ ನೆನಪಿನ ಲೂಯಿಸ್-ಕ್ಲಾರ್ಕ್ ಕೇಂದ್ರಕ್ಕೆ ಹೋಗಿ. ಅಲ್ಲಿಟ್ಟಿರುವ ದೊಡ್ಡ ದೋಣಿ ಮಕ್ಕಳಿಗೆ ಇಷ್ಟವಾಗುತ್ತೆ. ಸೇಬನ್ನು ಮಾತ್ರ ಹಬ್ಬದ ಮಳಿಗೆಯಲ್ಲಿ ಕೊಳ್ಳಬೇಡಿ, ತೋಟಕ್ಕೇ ಹೋಗಿ ಕಿತ್ತುಕೊಳ್ಳಿ.