ಹೊಗೆ ಹಿಡಿಯದೆ ಹೊಗೆಯ ಲೆಕ್ಕ

ಪುಣೆಯಲ್ಲಿ ನಮ್ಮ ಕನ್ನಡದವರ ಮದುವೆ, ಮುಂಜಿಗೆ ಹೋದರೆ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ: "ವಾಯುಮಾಲಿನ್ಯದ ಮೇಲೆ ಕೆಲಸ ಅಂತೀರಿ, ಇಡೀ ದಿನ ಕಂಪ್ಯೂಟರ್ ಮುಂದೆ ಕೂತಿರ್ತೀರಿ. ಹೊಗೆ ಹಿಡಿಯೋದು ಯಾವಾಗ?"

ಹಿಡಿಯೋದೇ ಇಲ್ಲ. ಊರಿನ ಗಾಳಿ ಎಷ್ಟು ಕೆಟ್ಟಿದೆ ಅಂತ ಅಳೆಯುವವರು ಬೇರೆ. ಇಲ್ಲೇ ಪಾಷಾಣ್‌ನಲ್ಲಿರುವ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರ 'ಸಫರ್' ವ್ಯವಸ್ಥೆ ಆ ಕೆಲಸಕ್ಕೇ ಇದೆ. ಗಾಳಿ ಕೆಡಿಸುವ ಅನಿಲ ಹುಟ್ಟಿದ್ದು ಹೇಗೆ ಅಂತ ಕಂಪ್ಯೂಟರಿನಲ್ಲಿ ರಸಾಯನಶಾಸ್ತ್ರದ ಲೆಕ್ಕ ಹಾಕೋದು ನನ್ನ ಕೆಲಸ.

ಸ್ವಾರ್‌ಗೇಟ್ ಸಿಗ್ನಲ್‌ನಲ್ಲಿ ನಿಂತ ಸಿಎನ್‌ಜಿ ರಿಕ್ಷಾ ನೋಡಿ. ಕಪ್ಪು ಹೊಗೆ ಕಾಣಲ್ಲ. ಇಂಧನ ಬಹುಪಾಲು ಮೀಥೇನ್, ಅದರಲ್ಲಿ ಸಾರಜನಕ ಇಲ್ಲ. ಆದರೂ ಇಂಜಿನ್‌ನಲ್ಲಿ ಸಾರಜನಕ, ಆಮ್ಲಜನಕ ಕೂಡಿದ ನೈಟ್ರಿಕ್ ಆಕ್ಸೈಡ್ ಅನ್ನೋ ಮಾಲಿನ್ಯದ ಅನಿಲ ಹುಟ್ಟುತ್ತದೆ. ಎಲ್ಲಿಂದ? ಒಳಗೆ ಎಳೆದುಕೊಂಡ ಗಾಳಿಯಿಂದಲೇ. ಗಾಳಿಯಲ್ಲಿ 78% ಸಾರಜನಕವೇ ಅಲ್ವಾ! ಅದರ ಎರಡು ಪರಮಾಣುಗಳ ನಂಟು ಬಲು ಗಟ್ಟಿ. ಸುಮ್ನೆ ಎಳೆದು ಮುರಿಯಲು ಮೋಲ್‌ಗೆ (ಅಣುಗಳ ಒಂದು ನಿಗದಿತ ಎಣಿಕೆಗೆ) 945 ಕಿಲೋಜೂಲ್ ಶಕ್ತಿ ಬೇಕು. ಆದರೆ ಒಂಟಿ ಆಮ್ಲಜನಕ ಪರಮಾಣು ಬಂದು ಒಂದು ತುದಿಗೆ ಅಂಟಿಕೊಂಡರೆ, ಹಳೇ ನಂಟು ಬಿಡುತ್ತಿದ್ದಂತೆ ಹೊಸದು ಕೂಡಿಕೊಳ್ಳುತ್ತದೆ. ಆಗ ಕ್ರಿಯೆ ನಡೆಯಲು ದಾಟಬೇಕಾದ ಶಕ್ತಿಯ ದಿಣ್ಣೆ ಸುಮಾರು 320 ಕಿಲೋಜೂಲ್‌ಗೆ ಇಳಿಯುತ್ತದೆ. ಉರಿ 1,500 ಡಿಗ್ರಿ ದಾಟಿದರೆ ಇದು ಜೋರಾಗುತ್ತದೆ. ರಷ್ಯಾದ ಝೆಲ್ಡೋವಿಚ್ 1940ರ ದಶಕದಲ್ಲೇ ತೋರಿಸಿಕೊಟ್ಟ ದಾರಿ ಇದು. ಡೀಸೆಲ್ ಗಾಡಿಗಳಲ್ಲಿ ಒಂದಿಷ್ಟು ಹೊಗೆಯನ್ನು ಮತ್ತೆ ಇಂಜಿನ್‌ಗೇ ಬಿಡುತ್ತಾರಲ್ಲ, ಉರಿಯ ಬಿಸಿ ಇಳಿಸೋಕೇ ಅದು.

ಕಂಪ್ಯೂಟರ್ ಹುಡುಕುವುದು ಆ ದಿಣ್ಣೆಯ ಎತ್ತರವನ್ನು. ನೆತ್ತಿಯ ಮೇಲೆ ಅಣುಗಳು ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು ಹೊತ್ತೂ ನಿಲ್ಲಲ್ಲ. ಯಾವ ಬಾಟಲಿಯಲ್ಲಿ ಹಿಡಿಯೋದು? ಅದಕ್ಕೇ ಪರಮಾಣುಗಳ ನಂಟು ಹಿಡಿದಿಡುವ ಎಲೆಕ್ಟ್ರಾನ್‌ಗಳ ಲೆಕ್ಕ ಹಾಕುತ್ತೇವೆ. ಈ ಲೆಕ್ಕದ ದಾರಿ ಹಾಕಿಕೊಟ್ಟ ವಾಲ್ಟರ್ ಕೋನ್ ಮತ್ತು ಜಾನ್ ಪೋಪಲ್‌ಗೆ 1998ರಲ್ಲಿ ನೊಬೆಲ್ ಬಂತು.

ಹಾಗಂತ ಕಂಪ್ಯೂಟರ್ ಹೇಳಿದ್ದೇ ವೇದವಾಕ್ಯ ಅಲ್ಲ. ಎತ್ತರದಲ್ಲಿ 4 ಕಿಲೋಜೂಲ್ ತಪ್ಪಿದರೂ ಬೀದಿ ಗಾಳಿಯ ತಾಪದಲ್ಲಿ ಕ್ರಿಯೆಯ ವೇಗ ಸುಮಾರು ಐದು ಪಟ್ಟು ಆಚೀಚೆ ಆಗುತ್ತದೆ. ಉರಿಯ ಬಿಸಿಯಲ್ಲಿ ಅದೇ ತಪ್ಪು ಅಷ್ಟು ಕಾಡಲ್ಲ. ಹಾಗಾಗಿ ನನಗೆ ಇಂಜಿನ್‌ಗಿಂತ ಬೀದಿಯ ಗಾಳಿಯೇ ಜಾಸ್ತಿ ತಲೆನೋವು.

"ಹಾಗಾದರೆ ಸಿಎನ್‌ಜಿ ಹಾಕಿಸಿದ್ದು ದಂಡವಾ?" ಅಂತ ಮುಂದಿನ ಪ್ರಶ್ನೆ ಬರುತ್ತದೆ. ದಂಡ ಅಲ್ಲ, ಮಸಿ ಕಡಿಮೆ. ನೈಟ್ರಿಕ್ ಆಕ್ಸೈಡ್ ಒಡೆಯುವುದು ಮಾತ್ರ ಗಾಡಿಯ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿರುವ ರೋಡಿಯಂ ಲೋಹದ ಕೆಲಸ. ಅದು ವಿಪರೀತ ದುಬಾರಿ. ಅದರ ಜಾಗಕ್ಕೆ ಅಗ್ಗದ ಲೋಹ ಸಿಗುತ್ತಾ ಅಂತ ಕಂಪ್ಯೂಟರಿನಲ್ಲಿ ಹುಡುಕುವವರೂ ನಮ್ಮವರೇ.