ಡಿಕ್ಕಿಯೊಳಗೆ ನೀರು: ಸೀಲೆಂಟ್ ಹಚ್ಚೋ ಮುಂಚೆ ದಾರಿ ಹುಡುಕಿ

ಸ್ಟೆಪ್ನಿ ಎತ್ತಿದಾಗ ಅಡಿಯಲ್ಲಿ ನೀರು ನಿಂತಿದ್ದರೆ ಮೊದಲು ಅದರ ಬಣ್ಣ ನೋಡಿ. ಕೆಸರು, ಮರಳು ಇದ್ದರೆ ನೀರು ತುಂಬಿದ ಅಂಡರ್‌ಪಾಸ್‌ನಲ್ಲಿ ಕೆಳಗಿಂದ ನುಗ್ಗಿರೋದೇ ಹೆಚ್ಚು. ಸ್ಟೆಪ್ನಿ ಗುಂಡಿಯ ತಳದ ರಬ್ಬರ್ ಬಿರಡೆ ಕಳಚಿದೆಯಾ ಪರೀಕ್ಷಿಸಿ. ತೂತಿನ ಅಳತೆ ತಗೊಂಡು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋದರೆ ಹೊಂದುವ ಬಿರಡೆ ಹುಡುಕಬಹುದು. ನೀರು ತಿಳಿಯಾಗಿದ್ದರೆ ಮೇಲಿಂದ ಇಳಿದಿದೆ ಅಂತಲೇ ಹುಡುಕಲು ಶುರು ಮಾಡಿ.

ನೀರು ಸೇರುವ ಜಾಗವೇ ಬೇರೆ, ನುಗ್ಗುವ ಜಾಗವೇ ಬೇರೆ. ತಗಡು ಮಡಚಿದ ಅಂಚಿನುದ್ದಕ್ಕೂ ಹರಿದು ತಗ್ಗಿಗೆ ಬರುತ್ತೆ. ಅಪಾರ್ಟ್‌ಮೆಂಟ್ ರ‍್ಯಾಂಪಿನ ಇಳಿಜಾರಲ್ಲಿ ನಿಲ್ಲಿಸಿದ ಗಾಡಿಯಲ್ಲಂತೂ ಬಲಗಡೆ ಸೋರಿದ್ದು ಎಡಗಡೆ ಕಾಣಬಹುದು. ಆದ್ದರಿಂದ ಕಾರ್ಪೆಟ್, ಪಕ್ಕದ ಟ್ರಿಮ್ (ಒಳಹೊದಿಕೆ) ಎಲ್ಲಾ ಬಿಚ್ಚಿ, ತಗಡು ಪೂರ್ತಿ ಒರೆಸಿ ಒಣಗಿಸಿ, ಮೇಲೆ ತೆಳ್ಳಗೆ ಫೇಸ್ ಪೌಡರ್ ಉದುರಿಸಿ. ನೀರು ಹರಿದ ಗೆರೆ ಅದರಲ್ಲಿ ಸ್ಪಷ್ಟವಾಗಿ ಮೂಡುತ್ತೆ.

ಹಿಂದಿನ ಸೀಟು ಮಡಚಿ ಒಬ್ಬರು ಟಾರ್ಚ್ ಹಿಡಿದು ಒಳಗೆ ನೋಡಲಿ, ಇನ್ನೊಬ್ಬರು ಹೊರಗೆ ಪೈಪಿನಿಂದ ನಿಧಾನಕ್ಕೆ ನೀರು ಬಿಡಲಿ. ಸೀಟು ಮಡಚಲು ಬರದ ಗಾಡಿಯಲ್ಲಿ ಯಾರನ್ನೂ ಡಿಕ್ಕಿಯೊಳಗೆ ಕೂರಿಸಿ ಮುಚ್ಚಬೇಡಿ. ಪೌಡರ್ ಗೆರೆಯನ್ನೇ ನಂಬಿ. ಬಂಪರಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ, ಒಂದೊಂದು ಜಾಗಕ್ಕೂ 2–3 ನಿಮಿಷ. ಮೇಲಿಂದ ಶುರು ಮಾಡಿದರೆ ಎಲ್ಲಾ ಒಟ್ಟಿಗೆ ನೆನೆದು ಏನೂ ಗೊತ್ತಾಗಲ್ಲ. ಪ್ರೆಶರ್ ವಾಷರ್ ಬೇಡ, ಚೆನ್ನಾಗಿರೋ ಸೀಲ್ ಮೂಲಕವೂ ಅದು ನೀರು ನುಗ್ಗಿಸುತ್ತೆ.

ಹೆಚ್ಚಾಗಿ ಸಿಕ್ಕಿಬೀಳೋದು ಟೈಲ್ ಲ್ಯಾಂಪ್. ಅದರ ಹಿಂದೆ ನೀರು ತಡೆಯುವ ಫೋಮ್ ಗ್ಯಾಸ್ಕೆಟ್ ವರ್ಷಗಳಾದ ಮೇಲೆ ಚಪ್ಪಟೆಯಾಗಿ ಗಟ್ಟಿಯಾಗುತ್ತೆ, ಮತ್ತೆ ಉಬ್ಬಲ್ಲ. ಒಳಗಿನ ನಟ್ಟು ಸಾಮಾನ್ಯವಾಗಿ 8 ಅಥವಾ 10 ಎಂಎಂ. ಲ್ಯಾಂಪ್ ತೆಗೆದು ಹಳೇ ಫೋಮ್ ಪೂರ್ತಿ ಕೆರೆದು, ಎರಡೂ ಮುಖವನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಹೊಸ ಗ್ಯಾಸ್ಕೆಟ್ ಸಿಗದಿದ್ದರೆ ಬ್ಯುಟೈಲ್ ಟೇಪನ್ನು (ಅಂಟಂಟಾದ ರಬ್ಬರ್ ಪಟ್ಟಿ) ಎಳೆಯದೆ ಸುತ್ತಲೂ ಒಂದೇ ಎಳೆಯಾಗಿ ಒತ್ತಿ, ಕೂಡುವ ಕಡೆ ಒಂದರ ಮೇಲೊಂದು ಸ್ವಲ್ಪ ಬರಲಿ, ಆ ಕೂಡು ಕೆಳಭಾಗದಲ್ಲಿರಲಿ. ನಟ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿ ಮಾಡಿ. ಒಂದನ್ನೇ ಜೋರಾಗಿ ಬಿಗಿದರೆ ಪ್ಲಾಸ್ಟಿಕ್ ಬಾಗಿ ಇನ್ನೊಂದು ಮೂಲೆ ಬಾಯಿ ಬಿಡುತ್ತೆ, ಇಲ್ಲವೇ ಸೀಳುತ್ತೆ.

ಡಿಕ್ಕಿಯ ಬಾಯಿ ಸುತ್ತಲಿನ ರಬ್ಬರ್ ಬೀಡಿಂಗ್‌ಗೆ ಕಾಗದದ ಪರೀಕ್ಷೆ ಸಾಕು: ಪಟ್ಟಿಯೊಂದನ್ನು ಇಟ್ಟು ಮುಚ್ಚಿ ಎಳೆಯಿರಿ, ಸಡಿಲವಾಗಿ ಬಂದ ಕಡೆ ಹಿಡಿತವಿಲ್ಲ. ಹೊಸದು ಹಾಕುವಾಗ ಎಳೆದು ಕೂರಿಸಬೇಡಿ, ಆಮೇಲೆ ಕುಗ್ಗಿ ಮೂಲೆಗಳಲ್ಲಿ ಎದ್ದು ಬರುತ್ತೆ.

ಬಂಪರಿನ ಹಿಂದೆ ಗಾಳಿ ಹೊರಹೋಗುವ ರಬ್ಬರ್ ರೆಕ್ಕೆಗಳ ವೆಂಟ್ ಇರುತ್ತೆ. ಅದರ ಚೌಕಟ್ಟಿನ ಸುತ್ತಲಿನ ಫೋಮ್ ಹೋಗಿದ್ದರೆ ಬದಲಿಸಿ, ರೆಕ್ಕೆಗಳನ್ನು ಮಾತ್ರ ಅಂಟಿಸಲೇಬೇಡಿ. ಒಳಗಿನ ಗಾಳಿ ಸಿಕ್ಕಿಹಾಕಿಕೊಂಡು ಬಾಗಿಲು ಮುಚ್ಚೋದು ಕಷ್ಟ, ಗಾಜು ಮಂಜಾಗುತ್ತೆ.

ಛಾವಣಿಯ ಅಂಚಿನ ಕೂಡುಗಳಲ್ಲಿ ಬಿರುಕಿದ್ದರೆ ಪಾಲಿಯುರೆಥೇನ್ ಸೀಮ್ ಸೀಲರ್ ಬಳಸಿ, ತುಕ್ಕಿದ್ದರೆ ಮೊದಲು ಉಜ್ಜಿ ಪ್ರೈಮರ್ ಹೊಡೆದು. ವಿನಿಗರ್ ವಾಸನೆಯ ಬಾತ್‌ರೂಮ್ ಸಿಲಿಕೋನ್ ದಯವಿಟ್ಟು ಬೇಡ: ಒಣಗುವಾಗ ಬಿಡುವ ಅಸಿಟಿಕ್ ಆಮ್ಲ ತಗಡನ್ನು ತಿನ್ನುತ್ತೆ, ಆಮೇಲೆ ಅದರ ಮೇಲೆ ಪೇಂಟೂ ಹಿಡಿಯಲ್ಲ.

ಸನ್‌ರೂಫ್ ಇದ್ದರೆ ಹಿಂದಿನ ಎರಡು ಡ್ರೈನ್ ಪೈಪ್ ಮರೆಯಬೇಡಿ. ಮರದಡಿ ನಿಲ್ಲಿಸುವ ಗಾಡಿಗಳಲ್ಲಿ ಎಲೆ, ಹೂವಿನ ಕಸ ಸೇರಿ ಕಟ್ಟಿಕೊಳ್ಳುತ್ತೆ. ತೆಳು ನೈಲಾನ್ ತಂತಿ ನಿಧಾನಕ್ಕೆ ಬಿಡಿ. ಕಂಪ್ರೆಸರ್ ಗಾಳಿ ಹೊಡೆದರೆ ಪೈಪು ಒಳಗೇ ಕಳಚಬಹುದು.

ಸೀಲರ್ 24 ಗಂಟೆ ಒಣಗಲಿ, ಅದೇ ಕ್ರಮದಲ್ಲಿ ಮತ್ತೆ ನೀರು ಬಿಡಿ. ಕಾರ್ಪೆಟ್ ಬದಲು ಹಳೇ ಪೇಪರ್ ಹಾಸಿ ಒಂದೆರಡು ಒಳ್ಳೇ ಮಳೆ ನೋಡಿ. ಪೇಪರಿನಲ್ಲಿ ನೀರಿನ ಕಲೆ ಇಲ್ಲದಿದ್ದರೆ ಟ್ರಿಮ್ ಜೋಡಿಸಿ.