ಐಂಡ್‌ಹೋವನ್ನಿನ ರಿಪೇರಿ ಶನಿವಾರ

ನೆದರ್ಲೆಂಡ್ಸಿನಲ್ಲಿ ಪಕ್ಕದ ಮನೆಗೆ ಕಾಫಿಗೆ ಹೋಗಬೇಕಾದರೂ ದಿನ, ಹೊತ್ತು ಗೊತ್ತುಮಾಡಿಕೊಂಡೇ ಹೋಗಬೇಕು. ‘ಇದೇ ದಾರೀಲಿ ಹೋಗ್ತಿದ್ದೆ, ಮಾತಾಡಿಸ್ಕೊಂಡು ಹೋಗೋಣ ಅಂತ ಬಂದೆ’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಹುಟ್ಟುಹಬ್ಬಕ್ಕೆ ಕರೆದರೆ ಎಲ್ಲರೂ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕೂತಿರುತ್ತಾರೆ. ಒಳಗೆ ಹೋದವರು ಹುಟ್ಟುಹಬ್ಬದವರಿಗಷ್ಟೇ ಅಲ್ಲ, ಅವರ ಅಮ್ಮ, ಗಂಡ, ಅಕ್ಕ, ಅತ್ತಿಗೆ ಎಲ್ಲರಿಗೂ ಕೈಕುಲುಕಿ ಅಭಿನಂದನೆ ಹೇಳಬೇಕು. ಆಮೇಲೆ ಒಂದು ತುಂಡು ಕೇಕು, ಮಳೆಯ ಮಾತು, ಎದ್ದು ಬರುವುದು. ಯಾರ ಯಾರ ಹುಟ್ಟುಹಬ್ಬ ಯಾವತ್ತು ಎಂದು ಬರೆದಿಟ್ಟ ಕ್ಯಾಲೆಂಡರನ್ನು ಶೌಚಾಲಯದ ಗೋಡೆಗೆ ನೇತುಹಾಕುವ ಜನ ಇವರು. ದಿನಾ ಕಣ್ಣಿಗೆ ಬೀಳುವ ಜಾಗ ಅಂದರೆ ಅದೇ ತಾನೆ!

ಕೆಟ್ಟವರಲ್ಲ. ಸೈಕಲ್ಲಿನಿಂದ ಬಿದ್ದರೆ ಓಡಿಬರುತ್ತಾರೆ, ಮನೆಗೆ ಬಂದ ಪಾರ್ಸೆಲ್ ತೆಗೆದಿಟ್ಟುಕೊಂಡು ಸಂಜೆ ಕೊಡುತ್ತಾರೆ. ಆದರೆ ಪರಿಚಯ ಸ್ನೇಹವಾಗುವುದು ಹೇಗೆ ಎಂಬುದೇ ತಿಳಿಯುವುದಿಲ್ಲ. ಶಿವಮೊಗ್ಗದ ಜಗಲಿಯಲ್ಲಿ ಬೆಳೆದವಳಿಗೆ ಇದು ಬಹಳ ಕಾಲ ಕಸಿವಿಸಿಯಾಗಿಯೇ ಇತ್ತು. ಕೊನೆಗೂ ಈ ಊರಿನವರು ನನಗೆ ಹತ್ತಿರವಾಗಿದ್ದು ಕೆಟ್ಟುಹೋದ ಸಾಮಾನುಗಳ ದೆಸೆಯಿಂದ.

ರಿಪೇರಿ ಕೆಫೆ ಎಂಬ ಪದ್ಧತಿ ಹುಟ್ಟಿದ್ದು ಈ ದೇಶದಲ್ಲೇ. ಮಾರ್ಟೀನ್ ಪೋಸ್ತ್ಮಾ ಎಂಬ ಪತ್ರಕರ್ತೆ 2009ರ ಅಕ್ಟೋಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮೊದಲನೆಯದನ್ನು ನಡೆಸಿದರು. ಆಮೇಲೆ ಅದಕ್ಕೊಂದು ಪ್ರತಿಷ್ಠಾನವಾಗಿ, ಈಗ ಜಗತ್ತಿನಾದ್ಯಂತ ಎರಡು ಸಾವಿರಕ್ಕೂ ಹೆಚ್ಚು ಕಡೆ ನಡೆಯುತ್ತಿದೆ. ನಮ್ಮ ಬಡಾವಣೆಯಲ್ಲಿ ತಿಂಗಳಿಗೊಂದು ಶನಿವಾರ, ಸಮುದಾಯ ಭವನದ ಹಾಲಿನಲ್ಲಿ. ಬಾಗಿಲ ಬಳಿಯ ಮೇಜಿನಲ್ಲಿ ಹೆಸರು ಬರೆಸಬೇಕು, ಸಾಮಾನಿಗೆ ಏನಾಗಿದೆ ಹೇಳಬೇಕು, ‘ಸರಿಹೋಗದಿದ್ದರೆ ಯಾರನ್ನೂ ದೂರುವುದಿಲ್ಲ’ ಎಂಬರ್ಥದ ಚೀಟಿಗೆ ಸಹಿ ಹಾಕಬೇಕು. ಆಮೇಲೆ ಒಂದು ಕಪ್ ಕಾಫಿ ಹಿಡಿದು ಸರದಿಗೆ ಕಾಯಬೇಕು. ಕರೆಂಟಿನ ಸಾಮಾನಿಗೆ ಎರಡು ಮೂರು ಮೇಜು, ಬಟ್ಟೆಗೊಂದು, ಸೈಕಲ್ಲಿಗೊಂದು, ಮರದ ಸಾಮಾನಿಗೊಂದು, ಮೂಲೆಯಲ್ಲಿ ಚಾಕು ಕತ್ತರಿ ಮಸೆಯುವವರು. ದುಡ್ಡು ಕೇಳುವುದಿಲ್ಲ. ಹೋಗುವಾಗ ಡಬ್ಬಿಗೆ ಮನಸ್ಸಿಗೆ ಬಂದಷ್ಟು ಹಾಕಬಹುದು.

ಇದರಲ್ಲಿ ಒಂದು ನಿಯಮವಿದೆ. ಸಾಮಾನು ತಂದವರು ಅದನ್ನು ಕೊಟ್ಟು ‘ಸಂಜೆ ಬರ್ತೀನಿ’ ಎಂದು ಹೋಗುವಂತಿಲ್ಲ, ಜೊತೆಗೆ ಕೂರಬೇಕು. ಟಾರ್ಚ್ ಹಿಡಿಯಬೇಕು, ಬಿಚ್ಚಿದ ಸ್ಕ್ರೂಗಳನ್ನು ಕಳೆಯದಂತೆ ನೋಡಿಕೊಳ್ಳಬೇಕು, ಕೈಲಾದರೆ ತಾವೇ ಬಿಚ್ಚಬೇಕು. ನನ್ನ ಮಟ್ಟಿಗೆ ಇಡೀ ಪದ್ಧತಿಯ ಜೀವ ಇರುವುದು ಈ ಒಂದು ನಿಯಮದಲ್ಲಿ. ಎದುರುಬದುರು ಕೂತು ಮಾತಾಡು ಎಂದರೆ ಡಚ್ಚರೂ ಮುದುಡುತ್ತಾರೆ, ನಾವೂ ಮುದುಡುತ್ತೇವೆ. ಇಬ್ಬರ ಕಣ್ಣೂ ಒಂದು ಸ್ಕ್ರೂ ಮೇಲೆ ನೆಟ್ಟಿದ್ದರೆ ಮಾತು ತಾನಾಗಿ ಬರುತ್ತದೆ. ಮಗಳು ದೂರವಾಗಿದ್ದು, ಹೆಂಡತಿ ತೀರಿಕೊಂಡಿದ್ದು, ಮಂಡಿ ಆಪರೇಷನ್ನಿಗೆ ಕಾಯುತ್ತಿರುವುದು, ಎಲ್ಲವನ್ನೂ ನಾನು ಕೇಳಿದ್ದು ಯಾವುದೋ ಯಂತ್ರದ ಹೊಟ್ಟೆ ಬಗೆದಿಟ್ಟ ಮೇಜಿನ ಮುಂದೆ. ನನ್ನ ಡಚ್ ಭಾಷೆ ಸುಧಾರಿಸಿದ್ದೂ ಅಲ್ಲೇ. ತರಗತಿಯಲ್ಲಿ ರೈಲು ಟಿಕೆಟ್ ಕೊಳ್ಳುವ ಸಂಭಾಷಣೆ ಕಲಿಸುತ್ತಾರೆ, ಆದರೆ ಟಿಕೆಟ್ ಯಂತ್ರದ ಜೊತೆ ಯಾರು ಮಾತಾಡುತ್ತಾರೆ?

ನಾನು ಮೊದಲ ಸಲ ಹೋಗಿದ್ದು ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡು. ಇಲ್ಲಿನ ಅಂಗಡಿಯಲ್ಲಿ ಬಿಚ್ಚಿ ನೋಡುವುದಕ್ಕೆ ಕೇಳುವ ದುಡ್ಡಿಗೆ ಹೊಸದೇ ಬರುತ್ತದೆ, ಹಾಗಾಗಿ ಜನ ಕೆಟ್ಟದ್ದನ್ನು ನಗರಸಭೆಯ ಕಸ ಸಂಗ್ರಹ ಕೇಂದ್ರಕ್ಕೆ ಹಾಕಿ ಬರುತ್ತಾರೆ. ಮೇಜಿನ ಆಚೆ ಇದ್ದವರು ಎಪ್ಪತ್ತು ದಾಟಿದ ಅಜ್ಜ. ಮೀಟರ್ ಹಚ್ಚಿ ಎಲ್ಲೆಲ್ಲಿ ಕರೆಂಟು ಹರಿಯುತ್ತಿದೆ ಎಂದು ನೋಡುತ್ತಾ ಹೋಗಿ, ಕಡ್ಡಿಯಂಥ ಒಂದು ಸಣ್ಣ ಫ್ಯೂಸನ್ನು ತೋರಿಸಿದರು. ಕಾವು ಮಿತಿಮೀರಿದರೆ ತಾನು ಸುಟ್ಟುಕೊಂಡು ಕರೆಂಟು ಕಡಿಯುವ ಥರ್ಮಲ್ ಫ್ಯೂಸ್ ಅದು. ಬೆಲೆ ಒಂದೆರಡು ಯೂರೋ ಅಷ್ಟೆ. ಅದನ್ನು ಬೆಸುಗೆ ಹಾಕಿ ಕೂರಿಸಲು ಹೋದರೆ ಬೆಸುಗೆಯ ಕಾವಿಗೇ ಹೋಗಿಬಿಡುತ್ತದಂತೆ. ಅದಕ್ಕೇ ಎರಡೂ ತುದಿಗೆ ಲೋಹದ ಪುಟ್ಟ ನಳಿಗೆ ತೊಡಿಸಿ ಇಕ್ಕಳದಿಂದ ಅದುಮಿಸಿದರು. ಅದುಮಿದ್ದು ನಾನು. ಎಂಜಿನಿಯರಿಂಗ್ ಡಿಗ್ರಿ ಪಡೆದವಳು ಜೀವನದಲ್ಲಿ ಮೊದಲ ಬಾರಿಗೆ ಒಂದು ಇಸ್ತ್ರಿಪೆಟ್ಟಿಗೆಯ ಒಳಗನ್ನು ನೋಡಿದೆ.

ಐಂಡ್‌ಹೋವನ್ ಇಂಥ ಅಜ್ಜಂದಿರ ಊರು. 1891ರಲ್ಲಿ ಬಲ್ಬು ಮಾಡಲೆಂದು ಫಿಲಿಪ್ಸ್ ಕಂಪನಿ ಶುರುವಾದದ್ದು ಇಲ್ಲೇ. ಕಾರ್ನಿವಲ್ ದಿನಗಳಲ್ಲಿ ಊರು ತನ್ನನ್ನು ಈಗಲೂ ‘ಲಾಂಪೆಗಾಟ್’, ಅಂದರೆ ದೀಪದ ಕುಳಿ, ಎಂದು ಕರೆದುಕೊಳ್ಳುವುದು ಆ ಬಲ್ಬುಗಳ ನೆನಪಿಗೇ. ಕಂಪನಿಯ ಮುಖ್ಯ ಕಚೇರಿ ಆಮ್‌ಸ್ಟರ್‌ಡ್ಯಾಮಿಗೆ ಹೋಯಿತು, ಕಾರ್ಖಾನೆಗಳು ಮುಚ್ಚಿದವು ಅಥವಾ ಫ್ಲಾಟುಗಳಾದವು. ಅಲ್ಲಿ ದುಡಿದ ಕೈಗಳು ಮಾತ್ರ ಇಲ್ಲೇ ಉಳಿದವು. ನನ್ನ ಇಸ್ತ್ರಿಪೆಟ್ಟಿಗೆ ನೋಡಿದ ಅಜ್ಜನಿಗೆ ಮನೆಯಲ್ಲಿ ನಾವು ರೇಡಿಯೋ ಅಜ್ಜ ಎಂದು ಹೆಸರಿಟ್ಟಿದ್ದೇವೆ. ದುಡಿದದ್ದೆಲ್ಲ ಆಡಿಯೋ ವಿಭಾಗದಲ್ಲಂತೆ. ನಮ್ಮಲ್ಲಿ ಮದುವೆಮನೆಯ ಹಾಡಿನಿಂದ ಹಿಡಿದು ಯಕ್ಷಗಾನದವರೆಗೆ ಎಲ್ಲವೂ ತುಂಬಿಕೊಂಡಿದ್ದ ಕ್ಯಾಸೆಟ್ ಎಂಬುದನ್ನು 1963ರಲ್ಲಿ ಜಗತ್ತಿಗೆ ತೋರಿಸಿದ್ದು ಇದೇ ಕಂಪನಿ. ಉಲ್ಟಾ ಆದ ರೀಲನ್ನು ಪೆನ್ಸಿಲ್ ಹಾಕಿ ಸುತ್ತುತ್ತಿದ್ದೆವು ಎಂದಾಗ ಅಜ್ಜ ಬಿದ್ದು ಬಿದ್ದು ನಕ್ಕರು. ಅವರೂ ಅದನ್ನೇ ಮಾಡುತ್ತಿದ್ದರಂತೆ.

ಅಜ್ಜನ ದೊಡ್ಡ ಶತ್ರು ಅಂಟು. ಹಿಂದೆ ಸ್ಕ್ರೂ ಇದ್ದ ಕಡೆ ಈಗ ಅಂಟು ಹಾಕುತ್ತಾರೆ, ಸ್ಕ್ರೂ ಹಾಕಿದರೂ ತ್ರಿಕೋನ ತಲೆಯದು ಹಾಕುತ್ತಾರೆ, ಯಾರ ಮನೆಯಲ್ಲೂ ಅದರ ಸ್ಕ್ರೂಡ್ರೈವರ್ ಇರುವುದಿಲ್ಲ. ಫ್ರಾನ್ಸ್ 2021ರಿಂದ ಕೆಲವು ಸಾಮಾನುಗಳ ಮೇಲೆ ‘ಇದನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು’ ಎಂದು ಹತ್ತಕ್ಕೆ ಇಷ್ಟು ಅಂಕವೆಂದು ಅಚ್ಚು ಹಾಕಿಸುತ್ತಿದೆ. ಐರೋಪ್ಯ ಒಕ್ಕೂಟ 2024ರಲ್ಲಿ ರಿಪೇರಿಯ ಹಕ್ಕಿನ ಕಾನೂನನ್ನೂ ತಂದಿತು. ಅಜ್ಜನನ್ನು ಕೇಳಿದರೆ ‘ಕಾನೂನು ಬರಲಿ, ಮೊದಲು ಈ ಮುಚ್ಚಳ ಬರಲಿ’ ಅನ್ನುತ್ತಾರೆ.

ಈಗ ನಾನು ಮೇಜಿನ ಆ ಬದಿಗೆ ಹೋಗಿದ್ದೇನೆ. ಆದರೆ ಕರೆಂಟಿನ ಮೇಜಲ್ಲ, ಬಟ್ಟೆಯದು. ಸರದಿಯಲ್ಲಿ ಕಾಯುತ್ತಿದ್ದಾಗ ಒಬ್ಬಾಕೆಯ ಚಳಿಕೋಟಿನ ಜಿಪ್ ಬಾಯಿ ಬಿಟ್ಟುಕೊಂಡಿತ್ತು, ಇಡೀ ಜಿಪ್ ಕಿತ್ತು ಹೊಸದು ಹೊಲಿಯಬೇಕೆಂದು ಮಾತಾಡುತ್ತಿದ್ದರು. ಜಿಪ್ಪಿಗೇನೂ ಆಗಿರಲಿಲ್ಲ, ರನ್ನರ್ ಸಡಿಲವಾಗಿತ್ತು ಅಷ್ಟೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬ್ಯಾಗು ರಿಪೇರಿ ಮಾಡುವವರ ಮುಂದೆ ಶಾಲೆಯ ಚೀಲ ಹಿಡಿದು ನಿಂತು ನೋಡಿದ್ದ ವಿದ್ಯೆ ಅದು. ರನ್ನರಿನ ಎರಡೂ ಪಕ್ಕವನ್ನು ಇಕ್ಕಳದಲ್ಲಿ ಒಂದಿಷ್ಟೇ ಅದುಮಿದರೆ ಹಲ್ಲುಗಳು ಮತ್ತೆ ಕಚ್ಚಿಕೊಳ್ಳುತ್ತವೆ. ಜಾಸ್ತಿ ಅದುಮಿದರೆ ರನ್ನರ್ ಸೀಳಿಹೋಗುತ್ತದೆ, ಆ ಅಳತೆ ಕೈಗೆ ಬರಬೇಕು. ಅವತ್ತಿನಿಂದ ಜಿಪ್ಪೆಲ್ಲ ನನ್ನ ಪಾಲು. ಅಮ್ಮ ಕಲಿಸಿದ ರಫು ಹಾಕುವುದು, ಫಾಲ್ಸ್ ಹೊಲಿಯುವಾಗ ಬಟ್ಟೆಯ ಮುಖಕ್ಕೆ ದಾರ ಕಾಣದಂತೆ ಹಾಕುವ ಕೈಹೊಲಿಗೆ, ಎಲ್ಲವೂ ಇಲ್ಲಿ ಕೆಲಸಕ್ಕೆ ಬಂತು. ನನ್ನ ಪಕ್ಕ ಕೂರುವ ಟರ್ಕಿ ಮೂಲದ ಹೆಂಗಸಿಗೆ ಹೊಲಿಗೆ ಯಂತ್ರದ ಹೃದಯವೇ ಗೊತ್ತು. ಮಾತು ಕಡಿಮೆ. ನಾನು ಕುಚ್ಚು ಕಟ್ಟುವುದು ತೋರಿಸಿದೆ, ಆಕೆ ಸೂಜಿಯಲ್ಲೇ ಹೂ ಹೆಣೆಯುವ ಲೇಸು ಕಲಿಸುತ್ತಿದ್ದಾರೆ. ನನ್ನ ಹೂ ಇನ್ನೂ ಹೂವಿನ ಹಾಗೆ ಕಾಣುತ್ತಿಲ್ಲ.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಆಕೆ ಕೇಳಿದ್ದು: “ಅಲ್ಲ ಕಣೇ, ಅಷ್ಟು ಖರ್ಚು ಮಾಡಿ ಓದ್ಸಿದ್ದು ಹೋಗಿ ಕಂಡೋರ ಜಿಪ್ ರಿಪೇರಿ ಮಾಡ್ಲಿ ಅಂತಾನಾ?”

ತಮಾಷೆಗೇ ಅಂದಿದ್ದು. ಆದರೂ ಆ ಮಾತಿನಲ್ಲಿ ನಮ್ಮ ಇಡೀ ಸಮಾಜವೇ ಇದೆ. ಕೈಕೆಲಸ ಎಂದರೆ ನಮ್ಮಲ್ಲಿ ಯಾವಾಗಲೂ ಬೇರೆ ಯಾರದೋ ಕೆಲಸ. ಅದನ್ನು ಯಾರು ಮಾಡಬೇಕು ಎಂಬುದಕ್ಕೆ ಹುಟ್ಟಿನ ಲೆಕ್ಕ ಬೇರೆ ಇದೆ. ಓದುವುದೇ ಸ್ಕ್ರೂಡ್ರೈವರ್ ಹಿಡಿಯದೆ ಇರುವುದಕ್ಕೆ. ಪಕ್ಕದ ವೆಲ್ಡ್‌ಹೋವನ್ನಿನಲ್ಲಿ ಚಿಪ್ ಅಚ್ಚು ಹಾಕುವ ಯಂತ್ರಗಳನ್ನು ಮಾಡುವ ಎಎಸ್‌ಎಂಎಲ್ ಇದೆ, ಅದರಿಂದಾಗಿ ಈ ಸುತ್ತಿನಲ್ಲಿ ಕನ್ನಡ ಮಾತಾಡುವವರು ಸಾಕಷ್ಟು ಇದ್ದಾರೆ. ಕೂದಲೆಳೆಯನ್ನು ಸಾವಿರ ಸೀಳು ಮಾಡಿದರೂ ಅದಕ್ಕಿಂತ ಸಣ್ಣದಾದ ಗೆರೆಗಳ ಲೆಕ್ಕ ಇಟ್ಟುಕೊಂಡು ಸಂಬಳ ತೆಗೆದುಕೊಳ್ಳುವವರು ನಾವು. ನಮ್ಮ ಮನೆಯಲ್ಲಿ ಬಲ್ಬು ಹೋದರೆ ಬದಲಾಯಿಸಲು ಒಂದು ವಾರ ಚರ್ಚೆಯಾಗುತ್ತದೆ. ನನ್ನವರನ್ನೇ ಹೇಳುತ್ತಿದ್ದೇನೆ, ಓದಿ ಬೇಸರ ಮಾಡಿಕೊಳ್ಳಲಿ.

ಅವರನ್ನು ಅಲ್ಲಿಗೆ ಎಳೆದದ್ದು ಮಿಕ್ಸಿ. ಊರಿನಿಂದ ತಂದ ಮಿಕ್ಸಿ ಇಲ್ಲೂ ನಡೆಯುತ್ತದೆ, ಎರಡೂ ಕಡೆ 230 ವೋಲ್ಟ್, ಪ್ಲಗ್ಗಿಗೊಂದು ಅಡಾಪ್ಟರ್ ಹಾಕಿದರೆ ಸಾಕು. ಆದರೆ ಜಾರನ್ನು ಮೋಟಾರಿಗೆ ಕಚ್ಚಿಸುವ ಹಲ್ಲಿನ ಬಿಲ್ಲೆ, ಅದೇ ಕಪ್ಲರ್, ಸವೆದರೆ ಯುರೋಪಿನಲ್ಲಿ ಎಲ್ಲಿ ಹುಡುಕುವುದು? ರೇಡಿಯೋ ಅಜ್ಜ 750 ವ್ಯಾಟ್ ಎಂದು ಬರೆದಿದ್ದನ್ನು ಓದಿ, ‘ಇದರಲ್ಲಿ ಕಲ್ಲು ಪುಡಿ ಮಾಡುತ್ತೀರಾ’ ಎಂದು ಕೇಳಿದರು. ನೆನೆಸಿದ ಉದ್ದು, ಒಣಕೊಬ್ಬರಿ, ಅರಿಸಿನದ ಕೊಂಬು ಎಂದೆ. ಅರಿಸಿನದ ಕೊಂಬನ್ನು ಅವರು ನೋಡಿರಲಿಲ್ಲ, ಆದ್ದರಿಂದ ಅದಕ್ಕೂ ಕಲ್ಲಿಗೂ ಏನು ವ್ಯತ್ಯಾಸ ಎಂದು ಗೊತ್ತಾಗಲಿಲ್ಲ. ಅವರ ಜೊತೆ ಕೂರುವ ಕಾಲೇಜು ಹುಡುಗ ಸವೆದ ಕಪ್ಲರನ್ನು ಅಳೆದು ಕಂಪ್ಯೂಟರಿನಲ್ಲಿ ಬಿಡಿಸಿದ, 3ಡಿ ಪ್ರಿಂಟರಿನಲ್ಲಿ ಮೊದಲು ಮಾಡಿದ್ದು ಚಟ್ನಿಪುಡಿ ರುಬ್ಬುವಷ್ಟರಲ್ಲೇ ಮುರಿಯಿತು. ಯಾವ ಪ್ಲಾಸ್ಟಿಕ್ಕು, ಹಲ್ಲಿನ ಬುಡ ಎಷ್ಟು ದಪ್ಪವಿರಬೇಕು ಎಂಬ ಲೆಕ್ಕಕ್ಕೆ ನನ್ನವರೂ ಇಳಿದರು. ಹುಡುಗ, ಅಜ್ಜ, ಇವರು ಮೂವರೂ ಸೇರಿ ನನ್ನ ಮಿಕ್ಸಿಯನ್ನು ತಮ್ಮ ಪ್ರಯೋಗಶಾಲೆ ಮಾಡಿಕೊಂಡರು. ಗಟ್ಟಿಯಾದದ್ದು ಬರುವವರೆಗೆ ನಮ್ಮನೆಯಲ್ಲಿ ದೋಸೆ ಇಲ್ಲ. ಈಗ ಆ ಕಪ್ಲರಿನ ಫೈಲು ಹುಡುಗನ ಬಳಿ ಇದೆ, ಬೇರೆ ಕನ್ನಡ ಮನೆಗಳಿಂದಲೂ ಮಿಕ್ಸಿಗಳು ಬರತೊಡಗಿವೆ. ಮಿಕ್ಸಿ ಹಿಂದೆ ಜನ, ಜನರ ಹಿಂದೆ ಮಕ್ಕಳು.

ಕನ್ನಡ ಸಂಘದ ರಾಜ್ಯೋತ್ಸವ, ದೀಪಾವಳಿಗಳಿಗೂ ನಾವು ತಪ್ಪದೆ ಹೋಗುತ್ತೇವೆ. ಅಲ್ಲಿನ ಬಿಸಿಬೇಳೆಬಾತಿಗೆ, ಮಕ್ಕಳ ಬಾಯಲ್ಲಿ ಕೇಳುವ ಅರ್ಧಂಬರ್ಧ ಕನ್ನಡ ಹಾಡಿಗೆ ಬೇರೆಯೇ ಸುಖವಿದೆ. ಆದರೆ ಹಾಲ್ ಬಾಡಿಗೆಗೆ ಹಿಡಿದು ನಮ್ಮವರೇ ಸೇರಿ, ನಮ್ಮವರಿಗೇ ಬಡಿಸಿ, ಸಂಜೆ ಬೀಗ ಕೊಟ್ಟು ಬಂದರೆ ಆ ಬೀದಿಗೆ ನಾವು ಬಂದುಹೋದದ್ದೇ ತಿಳಿಯುವುದಿಲ್ಲ. ಸೆಪ್ಟೆಂಬರಿನ ನಾಲ್ಕನೇ ಶನಿವಾರ ಇಲ್ಲಿ ‘ಬ್ಯೂರೆನ್‌ಡಾಖ್’, ನೆರೆಹೊರೆಯವರ ದಿನ. ಬೀದಿಗೆ ಮೇಜು ಹಾಕುತ್ತಾರೆ, ಸಾಮಾನ್ಯ ಜಾಗದಲ್ಲಿ ಗಿಡ ನೆಡುತ್ತಾರೆ, ಬೆಂಚಿಗೆ ಬಣ್ಣ ಬಳಿಯುತ್ತಾರೆ. ಮೊದಲೆಲ್ಲ ಆ ದಿನ ನಾವು ಕಿಟಕಿಯಿಂದ ನೋಡಿ ಕೈಬೀಸುತ್ತಿದ್ದೆವು. ಈಗ ಬೆಂಚಿನ ಬಣ್ಣ ಯಾವುದಿರಬೇಕು ಎಂಬ ಜಗಳದಲ್ಲಿ ನನ್ನದೂ ಒಂದು ಮತ ಇದೆ. ಕಡುಹಸಿರು ಎಂದಿದ್ದೆ, ಸೋತೆ.

ಬೆಂಗಳೂರಿನಲ್ಲೂ ಪೂರ್ಣಾ ಸರ್ಕಾರ್, ಅಂತರಾ ಮುಖರ್ಜಿ ಎಂಬಿಬ್ಬರು 2015ರಲ್ಲೇ ರಿಪೇರಿ ಕೆಫೆ ಶುರುಮಾಡಿದ್ದಾರೆ. ಅದು ನನಗೆ ತಿಳಿದದ್ದು ಇಲ್ಲಿಗೆ ಬಂದ ಮೇಲೆ! ಶಿವಮೊಗ್ಗದಂಥ ಊರಿಗೆ ಇದನ್ನು ಹೀಗೆಯೇ ಒಯ್ಯಬೇಕು ಎಂದು ನಾನು ಹೇಳುವುದಿಲ್ಲ. ಇಲ್ಲಿ ರಿಪೇರಿಯ ಕಸುಬು ಹೆಚ್ಚುಕಡಿಮೆ ಸತ್ತುಹೋಗಿದೆ, ಪುಕ್ಕಟೆ ಮಾಡಿಕೊಟ್ಟರೆ ಯಾರ ಹೊಟ್ಟೆಗೂ ಪೆಟ್ಟಿಲ್ಲ. ನಮ್ಮಲ್ಲಿ ಕುಕ್ಕರ್ ರಿಪೇರಿಯವರು, ಕೊಡೆ ರಿಪೇರಿಯವರು ಅದರಲ್ಲೇ ಬದುಕುತ್ತಿದ್ದಾರೆ. ಅವರ ಎದುರು ಹವ್ಯಾಸಿಗಳು ಮೇಜು ಹಾಕಿ ಕೂತರೆ ಅನ್ಯಾಯ. ಅದೇ ಮೇಜಿಗೆ ಅವರನ್ನೇ ಮೇಷ್ಟರಾಗಿ ಕರೆದು, ದಿನದ ದುಡಿಮೆಯಷ್ಟು ದುಡ್ಡು ಕೊಟ್ಟು, ನಮ್ಮ ಎಂಜಿನಿಯರಿಂಗ್ ಹುಡುಗರನ್ನು ಎದುರಿಗೆ ಟಾರ್ಚ್ ಹಿಡಿದು ಕೂರಿಸಿದರೆ ಅದು ಬೇರೆ ಮಾತು.

ಸದ್ಯಕ್ಕೆ ಡಿಸೆಂಬರಿನಲ್ಲಿ ಊರಿಗೆ ಬರುತ್ತಿದ್ದೇನೆ. ಮೊದಲೆಲ್ಲ ಬರುವಾಗ ಚಾಕ್ಲೇಟು, ಹೋಗುವಾಗ ಹಪ್ಪಳ ಎಂಬ ಲೆಕ್ಕವಿತ್ತು. ಈ ಸಲ ವಾಪಸು ತರಬೇಕಾದ ಪಟ್ಟಿ ಇಲ್ಲಿಂದಲೇ ಸಿಕ್ಕಿದೆ: ಐದು ಮತ್ತು ಎಂಟನೇ ನಂಬರಿನ ಜಿಪ್ ರನ್ನರ್ ತಲಾ ಒಂದು ಪೊಟ್ಟಣ, ಕುಚ್ಚಿಗೆ ರೇಷ್ಮೆ ದಾರ ಟರ್ಕಿಯಾಕೆಗೆ, ಮಿಕ್ಸಿಯ ಕಾರ್ಬನ್ ಬ್ರಷ್ ಸಿಕ್ಕಷ್ಟು, ಮತ್ತೆ ರೇಡಿಯೋ ಅಜ್ಜನಿಗೆ ಒಂದೇ ಒಂದು ಅರಿಸಿನದ ಕೊಂಬು. ಎಷ್ಟು ಗಟ್ಟಿ ಇದೆ ಎಂದು ಅವರೇ ನೋಡಬೇಕಂತೆ.